ಗೇರಿನ ಕಾರೇ ಬೇಕೆಂದು ಹಟ ಹಿಡಿದದ್ದು

ಕಾಲುವೆ ನೀರು ಬಂದು ಭತ್ತ ಕೈಹಿಡಿದ ಕಾಲದಲ್ಲಿ ನಾನು ಸ್ಪೋರ್ಟ್ಸ್ ಕಾರು ಕೊಳ್ಳಲು ಹೊರಟೆ.

"ಆಟೋಮ್ಯಾಟಿಕ್ ತಗೋರಿ, ಗೇರ್ ಹಾಕೂ ತ್ರಾಸ ಇರಂಗಿಲ್ಲ," ಎಂದಳು ಹೆಂಡತಿ.

"ಅದು ಗಂಡಸರು ಹೊಡಿಯೂ ಗಾಡಿ ಅಲ್ಲ," ಎಂದು ನಾನು ಗೇರಿನದನ್ನೇ ತಂದೆ.

ಇಬ್ಬರೂ ಸುರಪುರದಿಂದ ಹುಣಸಗಿಗೆ ಹೊರಟೆವು. ಮುಂದೆ ಹುಲ್ಲಿನ ಟ್ರ್ಯಾಕ್ಟರ್, ಅದರ ಮುಂದೆ ಎಮ್ಮೆಗಳ ಹಿಂಡು. ಆರು ಗೇರುಗಳಿದ್ದರೂ ಎರಡನೆಯದನ್ನು ದಾಟಲಾಗಲಿಲ್ಲ. ಕ್ಲಚ್ ತುಳಿದು ತುಳಿದು ಎಡಗಾಲು ಜೋಮು ಹಿಡಿಯಿತು. ಸೈಕಲ್ ಮೇಲೆ ಬಂದ ಮಾಸ್ತರೊಬ್ಬರು ಕಿಟಕಿಗೆ ಬಗ್ಗಿ, "ಗಾಡಿ ಕೆಟ್ಟೈತೇನ್ರಿ?" ಎಂದರು.

"ಇಲ್ರಿ, ಆರಾಮ ಹೊಂಟೀನಿ," ಎಂದೆ. ಅವರು ನಮ್ಮನ್ನು ದಾಟಿ ಹೋದರು.

"ಇಳೀರಿ, ನಾ ಹೊಡೀತೀನಿ," ಎಂದಳು ಹೆಂಡತಿ. ತವರಿನಲ್ಲಿ ಟ್ರ್ಯಾಕ್ಟರ್ ಹೊಡೆದು ಬಲ್ಲವಳು. ನಾನು ಪಕ್ಕದಲ್ಲಿ ಕುಳಿತು ಕಾಲು ತಿಕ್ಕಿಕೊಳ್ಳುತ್ತ, ಯಾವಾಗ ಯಾವ ಗೇರ್ ಹಾಕಬೇಕೆಂದು ಹುಣಸಗಿಯವರೆಗೂ ಅವಳಿಗೆ ಹೇಳಿಕೊಟ್ಟೆ.