ಸೌದಿಯ ಡ್ರಿಲ್ಲು, ಸಿರುಗುಪ್ಪದ ಟ್ರಾನ್ಸ್‌ಫಾರ್ಮರ್

ನನ್ನ ಗಂಡ ಸೌದಿಗೆ ಹೋಗಿ ಹನ್ನೊಂದು ತಿಂಗಳಾದ ಮೇಲೆ, ಬಳ್ಳಾರಿಯ ಕೌಲ್ ಬಜಾರಿನ ನಮ್ಮ ಮನೆಗೆ ಒಂದು ಪೆಟ್ಟಿಗೆ ಬಂತು. ತಂದವರು ಅಲ್ಲಿ ಅವರಿದ್ದಲ್ಲೇ ಗಾರೆ ಕೆಲಸ ಮಾಡುತ್ತಿದ್ದ ಹೊಸಪೇಟೆಯವರೊಬ್ಬರು. ರಜೆಗೆಂದು ಊರಿಗೆ ಬಂದಿದ್ದರು. ಚಹಾ ಕುಡಿದು, "ಆರಾಮ ಅದಾನ್ರಿ ನಿಮ್ಮ ಮಗ, ದಪ್ಪ ಆಗ್ಯಾನ" ಎಂದು ಅತ್ತೆಗೆ ಹೇಳಿ ಎದ್ದುಬಿಟ್ಟರು. ಇನ್ನಷ್ಟು ಹೊತ್ತು ಕೂತಿರಲಿ ಎಂದು ನನಗೆ ಆಸೆಯಿತ್ತು. ನನ್ನ ಗಂಡನನ್ನು ಅವರು ಕಂಡು ಹದಿನೈದು ದಿನವೂ ಆಗಿರಲಿಲ್ಲ.

ಪೆಟ್ಟಿಗೆಯಲ್ಲಿ ಹಸಿರು ಬಣ್ಣದ ಒಂದು ಡ್ರಿಲ್ ಮಷಿನ್, ಅದರ ಹಿಡಿಯೊಳಗೆ ಕೂರುವ ಬ್ಯಾಟರಿ, ಒಂದು ಚಾರ್ಜರ್, ಪೆಟ್ಟಿಗೆಯ ಹೊರಮೈಗೆ ಮಡಚಿ ಅಂಟಿಸಿದ ಕಾಗದ. ನನ್ನ ಗಂಡ ಬಡಗಿ. ಹೊಸ ಮನೆಗಳಿಗೆ ಬಾಗಿಲು ಕಿಟಕಿ ಕೂರಿಸುವುದೇ ಅವರ ಕೆಲಸವಾಗಿತ್ತು. ಅಂಥ ಮನೆಗಳಿಗೆ ಇನ್ನೂ ಕರೆಂಟ್ ಬಂದಿರುತ್ತಿರಲಿಲ್ಲ, ಎಲ್ಲ ತೂತನ್ನೂ ಕೈಯಲ್ಲೇ ಕೊರೆಯಬೇಕಿತ್ತು. ಕಾಗದದಲ್ಲಿ ಬರೆದಿದ್ದರು: "ಇದಕ್ಕೆ ವೈರ್ ಇಲ್ಲ. ಕರೆಂಟ್ ಇಲ್ಲದ ಕಡೆಯೂ ನಡೆಯುತ್ತದೆ. ನಾನು ಬಂದ ಮೇಲೆ ನಮ್ಮದೇ ಅಂಗಡಿ ಹಾಕೋಣ. ತಿಂಗಳಿಗೊಮ್ಮೆ ಬ್ಯಾಟರಿ ಚಾರ್ಜ್ ಮಾಡು. ಸುಮ್ಮನೆ ಇಟ್ಟರೆ ಸತ್ತುಹೋಗುತ್ತದಂತೆ."

ಮದುವೆಯಾಗಿ ಎಂಟು ತಿಂಗಳಿಗೇ ಅವರು ಹೊರಟಿದ್ದರು. ಅಷ್ಟು ದೂರದಿಂದ ನನಗೆಂದು ಹೇಳಿದ ಮೊದಲ ಕೆಲಸ ಇದು.

ಚಾರ್ಜರಿನ ಪಿನ್ನು ನಮ್ಮ ಗೋಡೆಯ ಪ್ಲಗ್ಗಿಗೆ ಹೋಗಲಿಲ್ಲ. ನಮ್ಮವು ಗುಂಡು ಪಿನ್ನು, ಅದಕ್ಕಿದ್ದವು ತೆಳ್ಳನೆಯ ಎರಡು ಪಟ್ಟಿ. ಓಣಿಯ ಕೊನೆಯಲ್ಲಿದ್ದ ಕರೆಂಟ್ ಕೆಲಸದವರನ್ನು ಕರೆದೆ.

"ಇದೇನ್ ದೊಡ್ಡ ಕೆಲಸಕ್ಕಾ? ಈ ಪಿನ್ ಕತ್ತರಿಸಿ ಒಗದು ನಮ್ಮ ಪಿನ್ ಹಾಕ್ತೀನಿ" ಎಂದು ಅವರು ಇಕ್ಕಳ ಬಿಚ್ಚಿದರು.

ಸೌದಿಯಿಂದ ಬಂದದ್ದನ್ನೆಲ್ಲ ಓದುವ ಚಟ ನನಗೆ. ಸೋಪಿನ ಕಾಗದವನ್ನೂ ಬಿಡುತ್ತಿರಲಿಲ್ಲ. ತವರೂರು ಕುರುಗೋಡಿನ ಸಾಲೆಯಲ್ಲಿ ಏಳನೆಯ ತರಗತಿವರೆಗೆ ಕಲಿತ ಇಂಗ್ಲಿಷ್ ಅಕ್ಷರ ಅಂಕಿ ಸಾಕಾಗುತ್ತಿತ್ತು. ಚಾರ್ಜರಿನ ತಳದಲ್ಲಿ ನೂರಾ ಹತ್ತು ಎಂದಿತ್ತು. ಕಿಟಕಿಯಲ್ಲಿ ಕೆಟ್ಟುಹೋದ ಒಂದು ಬಲ್ಬ್ ಬಿದ್ದಿತ್ತು. ಅದನ್ನು ತೆಗೆದು ನೋಡಿದೆ.

"ಅಣ್ಣಾ, ನಿಲ್ರಿ. ಬಲ್ಬಿನ ಮ್ಯಾಲ ಇನ್ನೂರಾ ಮೂವತ್ತು ಅಂತ ಐತಿ. ಇದರ ಮ್ಯಾಲ ನೂರಾ ಹತ್ತು ಐತಿ. ಎರಡೂ ಒಂದೇ ಏನ್ರಿ?"

ಅವರು ಎರಡನ್ನೂ ಬೆಳಕಿಗೆ ಹಿಡಿದು ಓದಿದರು. ಇಕ್ಕಳವನ್ನು ಮೆಲ್ಲಗೆ ಜೇಬಿಗಿಳಿಸಿದರು.

"ನೀ ಕೇಳಿದ್ದ ಚಲೋ ಆತಕ್ಕಾ. ಹಚ್ಚಿದ ಕೂಡ್ಲೇ ಹೊಗಿ ಬರ್ತಿತ್ತು. ನಮ್ಮ ಕರೆಂಟನ್ನ ಅರ್ಧಕ್ಕ ಇಳಿಸೋ ಟ್ರಾನ್ಸ್‌ಫಾರ್ಮರ್ ಬೇಕು ಇದಕ್ಕ."

ಬಳ್ಳಾರಿಯ ರೇಡಿಯೋ ಅಂಗಡಿಗಳಲ್ಲಿ ವಿಚಾರಿಸಿದೆ, ಯಾರಲ್ಲೂ ಇರಲಿಲ್ಲ. ಸಿರುಗುಪ್ಪದ ಅಕ್ಕಿ ಗಿರಣಿಗಳ ಹತ್ತಿರ ಸುಟ್ಟ ಮೋಟರುಗಳಿಗೆ ತಂತಿ ಸುತ್ತಿಕೊಡುವ ಒಬ್ಬರು ಮುದುಕರಿದ್ದಾರೆ, ಅವರು ಮಾಡಿಯಾರು ಎಂದು ಅದೇ ಅಣ್ಣ ಹೇಳಿದರು.

"ಅಷ್ಟು ದೂರ ಹೋಗಾಕ ಏನೈತಿ? ಅಂವ ಬಂದು ನೋಡ್ಕಂತಾನ" ಎಂದರು ಅತ್ತೆ.

"ಅಷ್ಟರಾಗ ಸತ್ತುಹೋಗ್ತೈತಂತ್ರಿ, ಅತ್ತಿ."

ಮರುದಿನ ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದ ನನ್ನನ್ನು ಅತ್ತೆಯೇ ಎಬ್ಬಿಸಿ, "ನಡಿ, ಬಸ್ಸು ಹೋಗಿಬಿಡ್ತೈತಿ" ಎಂದರು. ಅವರಾಗಲೇ ತಲೆಯ ಮೇಲೆ ಸೆರಗು ಹೊದ್ದು, ಪೆಟ್ಟಿಗೆಯನ್ನು ಹಳೆಯ ಸೀರೆಯಲ್ಲಿ ಕಟ್ಟಿ ನಿಂತಿದ್ದರು.

ತೆಕ್ಕಲಕೋಟೆ ದಾಟಿದ ಮೇಲೆ ಎರಡೂ ಬದಿಗೆ ಭತ್ತದ ಗದ್ದೆ. ಆ ಹಸಿರನ್ನು ಗಂಡನಿಗೆ ಹೇಗೆ ಬರೆಯಲಿ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಮರಳು ನೋಡಿ ನೋಡಿ ಕಣ್ಣು ಉರಿಯುತ್ತವೆ ಎಂದು ಅವರೊಮ್ಮೆ ಬರೆದಿದ್ದರು.

ಮುದುಕರ ಅಂಗಡಿಯ ಮೇಲೆಲ್ಲ ತೌಡಿನ ಧೂಳು. ಅವರು ಚಾರ್ಜರನ್ನು ತಿರುಗಿಸಿ ತಿರುಗಿಸಿ ನೋಡಿ ನಕ್ಕರು.

"ಊರು ಬಿಟ್ಟು ಬಂದೈತಮ್ಮಾ, ಪಾಪ. ನಮ್ಮ ಕರೆಂಟು ಒಗ್ಗಂಗಿಲ್ಲ ಇದಕ್ಕ. ನಾಕು ದಿನ ಬಿಟ್ಟು ಬರ್ರಿ, ಮಾಡಿಕೊಡ್ತೀನಿ."

"ಸುಡಂಗಿಲ್ಲ ಅಲ್ರಿ?" ಎಂದೆ.

"ಯಾರು ಕಳಿಸ್ಯಾರ?"

"ನಮ್ಮ ಮನಿಯವರು."

"ಹಂಗಾದ್ರ ಎರಡು ಸಲ ನೋಡೇ ಕೊಡ್ತೀನಿ ತಾಯಿ."

ನಾಲ್ಕು ದಿನ ಬಿಟ್ಟು ಹೋದಾಗ ತಗಡಿನ ಡಬ್ಬಿಯಲ್ಲಿ ಟ್ರಾನ್ಸ್‌ಫಾರ್ಮರ್ ಸಿದ್ಧವಾಗಿತ್ತು. ಡ್ರಿಲ್ಲಿಗಿಂತ ಅದೇ ಭಾರ. ಒಂದು ಬದಿಗೆ ಗುಂಡು ಪಿನ್ನು, ಇನ್ನೊಂದು ಬದಿಗೆ ಪಟ್ಟಿ ಪಿನ್ನಿಗೆ ಸರಿಯಾದ ಸೀಳು. ಅವರೇ ಅಂಗಡಿಯಲ್ಲಿ ಹಚ್ಚಿ ತೋರಿಸಿದರು. ಚಾರ್ಜರಿನ ಮೂಲೆಯಲ್ಲಿ ಕೆಂಪು ದೀಪ ಹತ್ತಿತು. ಅತ್ತೆ ನನ್ನ ತೋಳು ಹಿಡಿದುಕೊಂಡರು.

ಮನೆಗೆ ಬಂದು ಬ್ಯಾಟರಿ ಕೂರಿಸಿ ಅತ್ತೆಯ ಕೈಗೆ ಮಷಿನ್ ಕೊಟ್ಟೆ. ಗುಂಡಿ ಒತ್ತಿದರು. ಗುರ್ ಎಂದು ತಿರುಗಿತು. ಬೆಚ್ಚಿ ಬಿಟ್ಟರು, ಮತ್ತೆ ಒತ್ತಿದರು. ಆಮೇಲೆ ಹಿಡಿಯನ್ನು ಸವರುತ್ತಾ, "ಇದನ್ನ ಅಂವ ಮುಟ್ಟಿರ್ತಾನಲ್ಲ" ಎಂದರು.

ಅಂದಿನಿಂದ ತಿಂಗಳಿಗೊಂದು ಶುಕ್ರವಾರ ಮಧ್ಯಾಹ್ನ ನಾನು ಚಾರ್ಜಿಗೆ ಇಡುತ್ತಿದ್ದೆ. ಕರೆಂಟು ಹೋಗಿ ಬಂದರೆ ಏನಾದೀತೋ ಎಂದು ಪಕ್ಕದಲ್ಲೇ ಕೂರುತ್ತಿದ್ದೆ. ಬ್ಯಾಟರಿ ಮೆಲ್ಲಗೆ ಬೆಚ್ಚಗಾಗುತ್ತಿತ್ತು. ಬಳ್ಳಾರಿಯ ಬಿಸಿಲಲ್ಲಿ ಬೆಚ್ಚಗಿನದನ್ನು ಯಾರು ಮುಟ್ಟುತ್ತಾರೆ? ನಾನು ಅಂಗೈ ಇಟ್ಟು ಕೂತಿರುತ್ತಿದ್ದೆ.

ಮರುವರ್ಷ ಕುರುಗೋಡಿನಲ್ಲಿ ಅಪ್ಪ ಗುಡ್ಡದ ಬುಡದ ನಮ್ಮ ಮನೆಗೆ ಒಂದು ಕೋಣೆ ಸೇರಿಸಿದರು. ತಂಗಿಯನ್ನು ನೋಡಲು ಬೀಗರು ಬರುವವರಿದ್ದರು. ಅಲ್ಲಿಯ ಬಡಗಿಗೆ ಮೊಣಕೈ ಊದಿಕೊಂಡು, ಬಾಗಿಲು ವಾರದಿಂದ ಗೋಡೆಗೆ ಒರಗಿ ನಿಂತಿತ್ತು. ಕೋಣೆಗೆ ಕರೆಂಟಿನ್ನೂ ಎಳೆದಿರಲಿಲ್ಲ. ನಾನು ಪೆಟ್ಟಿಗೆ ತೆಗೆದುಕೊಂಡು ಹೋದೆ.

"ನಿನಗ ಬರ್ತೈತೇನವ್ವ?" ಎಂದರು ಅಪ್ಪ.

"ಅವರು ಮಾಡೂದು ನೋಡೀನಪ್ಪ. ನೀ ಬಾಗಿಲ ಗಟ್ಟ್ಯಾಗಿ ಹಿಡಿ."

ಬಡಗಿ ಕೂತಲ್ಲೇ ಪೆನ್ಸಿಲಿನಿಂದ ಗುರುತು ಹಾಕಿಕೊಟ್ಟರು. ಮೊದಲ ಗುರುತಿನ ಮೇಲೆ ಮೊನೆ ಇಟ್ಟು ಗುಂಡಿ ಒತ್ತಿದೆ. ಸುರುಳಿ ಸುರುಳಿಯಾಗಿ ಹೊಟ್ಟು ಉದುರಿ, ಹಸಿ ಬೇವಿನ ಕಟ್ಟಿಗೆಯ ವಾಸನೆ ಎದ್ದಿತು. ನನ್ನ ಗಂಡ ಕೆಲಸದಿಂದ ಬಂದು ಅಂಗಿ ಬಿಚ್ಚಿ ನನ್ನ ಕೈಗೆ ಕೊಡುವಾಗ ಬರುತ್ತಿದ್ದ ವಾಸನೆ. ಕಣ್ಣು ತುಂಬಿ ಗುರುತು ಕಾಣಲಿಲ್ಲ. ಹೊಟ್ಟು ಬಿತ್ತೆಂದು ಅಪ್ಪನಿಗೆ ಹೇಳಿ ಕಣ್ಣೊರೆಸಿಕೊಂಡೆ. ಸಂಜೆಯೊಳಗೆ ಮೂರೂ ಕೀಲು ಕೂತು, ಬಾಗಿಲು ತೆರೆದು ಮುಚ್ಚಿತು.

ಇದನ್ನೆಲ್ಲ ಸೌದಿಗೆ ಬರೆದು ಹಾಕಿದೆ. ಉತ್ತರ ಬರಲು ಐದು ವಾರ ಹಿಡಿಯಿತು. "ಆ ಬಾಗಿಲು ನಾನು ನೋಡಬೇಕು" ಎಂದಷ್ಟೇ ಅದರ ಬಗ್ಗೆ ಇತ್ತು.

ನೋಡಿದರು ಕೂಡ. ನಲವತ್ತು ದಿನದ ರಜೆಗೆ ಬಂದವರು, ಮೂರನೆಯ ದಿನವೇ ಕುರುಗೋಡಿಗೆ ಹೋಗೋಣ ಎಂದರು. ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಸ್ಕ್ರೂ ಮೇಲೆ ಬೆರಳಾಡಿಸಿದರು.

"ಇದೊಂದು ಸೊಟ್ಟ ಆಗೈತಿ."

"ನೀವು ಇದ್ದಿದ್ರ ಆಗ್ತಿರಲಿಲ್ಲ" ಎಂದುಬಿಟ್ಟೆ.

ಅವರು ಬೆರಳು ತೆಗೆಯಲಿಲ್ಲ. "ಆ ಮಷಿನ್ ನಾನು ಒಂದು ಸಲಾನೂ ನಡಿಸಿಲ್ಲ, ಗೊತ್ತೇನು? ಬಿಚ್ಚಿದ್ರ ಹಳೇದಾಗ್ತೈತಂತ ಅಂಗಡ್ಯಾಗ ಕಟ್ಟಿದ್ದು ಕಟ್ಟಿದ್ದಂಗ ಕಳಿಸಿದೆ. ಪಿನ್ನು, ವೋಲ್ಟು ಏನೂ ಹೊಳೀಲಿಲ್ಲ" ಎಂದರು. ಆ ಹಿಡಿಯನ್ನು ಸವರಿದ್ದ ಅತ್ತೆಗೆ ಇದನ್ನು ನಾನು ಕೊನೆಯವರೆಗೂ ಹೇಳಲಿಲ್ಲ. ಈಗ ಹೇಳೋಣವೆಂದರೆ ಅವರಿಲ್ಲ.

ಅವತ್ತು ಬಳ್ಳಾರಿಗೆ ಮರಳುವ ಬಸ್ಸು ಕಾಯುತ್ತಾ ನಿಂತಿದ್ದಾಗ ನನ್ನ ಗಂಡ ಕೇಳಿದರು: "ಇಲ್ಲೇ ಅಂಗಡಿ ಹಾಕಲೇನು, ಇನ್ನೊಂದು ಸಲ ಹೋಗಿ ಬರಲೇನು?"

ಹೋಗಬೇಡಿ ಎಂಬ ಮಾತು ಬಾಯಿಗೇ ಬಂದಿತ್ತು. ಆದರೆ ನನ್ನ ಆಸೆಗಾಗಿ ಅವರ ದಾರಿಗೆ ಅಡ್ಡ ನಿಂತಂತಾದೀತು ಎನಿಸಿತು. "ನಿಮಗ ತಿಳಿದಂಗ ಮಾಡ್ರಿ" ಎಂದೆ.

ಹೋದರು. ಮತ್ತೆ ನಾಲ್ಕು ವರ್ಷ. ಎರಡನೆಯ ವರ್ಷಕ್ಕೆ ಬ್ಯಾಟರಿ ಮೂರು ತೂತಿಗೇ ಸೋಲತೊಡಗಿತು. ಟ್ರಾನ್ಸ್‌ಫಾರ್ಮರ್ ಸರಿಯಿದೆ, ಒಳಗಿನ ಸೆಲ್ಲೇ ಮುಗಿದಿವೆ ಎಂದರು ಸಿರುಗುಪ್ಪದವರು. ನನ್ನ ಗಂಡ ಸೌದಿಯಿಂದ ಹೊಸ ಬ್ಯಾಟರಿ ಕಳಿಸಿದರು. ಅಷ್ಟರಲ್ಲಿ ಅದರ ಆಕಾರವೇ ಬದಲಾಗಿ, ಹಿಡಿಯೊಳಗೆ ಕೂರಲಿಲ್ಲ.

ಆಮೇಲೆ ಅವರು ಸೌದಿ ಬಿಟ್ಟು ಪೂರ್ತಿಯಾಗಿ ಬಂದರು, ಕೌಲ್ ಬಜಾರಿನಲ್ಲೇ ಅಂಗಡಿ ಹಾಕಿದರು. ವೈರಿದ್ದ ಮಷಿನ್ನುಗಳೇ ಎಲ್ಲ. ಕೆಲಸಕ್ಕೆ ಕೊರತೆಯಾಗಲಿಲ್ಲ, ಇಬ್ಬರು ಮಕ್ಕಳಾದರು. ಆದರೂ ಆ ನಾಲ್ಕು ವರ್ಷ ನನ್ನೊಳಗೆ ಹಾಗೇ ಉಳಿದಿವೆ. ಒಂದು ಮಧ್ಯಾಹ್ನ ಅವರು ಹಲಗೆ ನಯಮಾಡುತ್ತಿದ್ದಾಗ ಕೇಳಿಯೇಬಿಟ್ಟೆ.

"ಅವತ್ತು ಬಸ್ಸಿಗೆ ನಿಂತಾಗ ಹೋಗಬ್ಯಾಡ್ರಿ ಅಂದಿದ್ರ ಏನ್ ಮಾಡ್ತಿದ್ರಿ?"

"ಹೋಗ್ತಿರಲಿಲ್ಲ" ಎಂದರು, ಕೈ ನಿಲ್ಲಿಸದೆ.

ನಾನು ಒಳಗೆ ಹೋಗಿ ಚಹಾಕ್ಕೆ ನೀರಿಟ್ಟೆ.