ಎರಡು ಸಾವಿರ ಗಿಡ

ನನ್ನ ಅಕ್ಷರ ದುಂಡಗಿತ್ತು. ಆ ಕಾರಣಕ್ಕೇ ಊರಿನ ಅರ್ಜಿ ನನ್ನ ಕೈಗೆ ಬಂತು, ಆ ಅರ್ಜಿಯಿಂದಲೇ ನನ್ನ ದೊಡ್ಡಮ್ಮನ ಗದ್ದೆ ಹೋಯಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಸುತ್ತಿ ಬಳಸಿ ಹೇಳುವ ತಾಳ್ಮೆ ನನಗೆ ಅಂದೂ ಇರಲಿಲ್ಲ, ಇಂದೂ ಇಲ್ಲ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಮೂರು ನಾಲ್ಕು ವರ್ಷ ಆಗಿರಬೇಕು. ಶನಿವಾರಸಂತೆಯಿಂದ ಒಂದು ಗಂಟೆ ನಡೆದರೆ ನಮ್ಮ ಊರು. ತಾಯಿ ಸತ್ತ ಮೇಲೆ ನನ್ನನ್ನು ಸಾಕಿದವಳು ಅವಳ ಅಕ್ಕ, ಗಂಡನನ್ನು ಕಳೆದುಕೊಂಡಿದ್ದ ದೊಡ್ಡಮ್ಮ. ಅವಳಿಗಿದ್ದದ್ದು ಎರಡು ಎಕರೆ ಗದ್ದೆ, ಆ ಗದ್ದೆಗೆ ಸೇರಿದ ಬಾಣೆ. ಬಾಣೆ ಎಂದರೆ ಗದ್ದೆಯ ಮೇಲಿನ ಕಾಡುಗುಡ್ಡ. ಗೊಬ್ಬರಕ್ಕೆ ಸೊಪ್ಪು, ಒಲೆಗೆ ಸೌದೆ, ದನಕ್ಕೆ ಮೇವು ಸಿಗಲಿ ಎಂದು ಗದ್ದೆಯ ಜೊತೆಗೇ ಕೊಟ್ಟದ್ದು, ಅದಕ್ಕೆ ಕಂದಾಯವಿಲ್ಲ. ಗದ್ದೆ ಯಾರದೋ ಬಾಣೆಯೂ ಅವರದೇ. ಎರಡನ್ನೂ ಬಿಡಿಸಿ ಮಾರುವಂತಿರಲಿಲ್ಲ.

ಗದ್ದೆಯ ಕಂದಾಯದಲ್ಲೂ ಒಂದು ತಮಾಷೆ ಇತ್ತು. ನಮ್ಮದು ಸಾಗು ಜಮೀನು, ಪಕ್ಕದ ಎಸ್ಟೇಟ್ ಸಾಹುಕಾರರದು ಜಮ್ಮಾ. ಒಂದೇ ತೋಡಿನ ನೀರು, ನಡುವೆ ಒಂದು ಬದು. ನಮಗೆ ಪೂರ್ತಿ ಕಂದಾಯ, ಅವರಿಗೆ ಅರ್ಧ. ಅವರ ಮುತ್ತಜ್ಜ ರಾಜರ ಕಾಲದಲ್ಲಿ ಕತ್ತಿ ಹಿಡಿದಿದ್ದನಂತೆ, ಅದಕ್ಕೆ ಇನಾಮಾಗಿ ಸಿಕ್ಕ ಜಮೀನು. "ಕತ್ತಿ ಹಿಡಿದೋನು ಸತ್ತು ನೂರು ವರ್ಸ ಆಯ್ತು, ಕುಡುಗೋಲು ಹಿಡಿದೋಳು ಇನ್ನೂ ಬಗ್ಗೇ ಇವ್ನಿ" ಎಂದು ದೊಡ್ಡಮ್ಮ ನಾಟಿ ಮಾಡುತ್ತಾ ನಗುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ. ಬಡವಿಗೆ ಒಂದು ಸೇರು ರಾಗಿ ಕೊಟ್ಟರೆ ಅದು ದಾನ, ಸಂತೆಯವರೆಗೂ ಸುದ್ದಿಯಾಗುತ್ತದೆ. ಸಾಹುಕಾರರಿಂದ ವರ್ಷವರ್ಷವೂ ಅರ್ಧ ಕಂದಾಯ ವಸೂಲಿ ಮಾಡದೆ ಬಿಟ್ಟದ್ದನ್ನು ಯಾರೂ ದಾನ ಎನ್ನುತ್ತಿರಲಿಲ್ಲ. ಅದು ಅವರ ಮನೆತನದ ಗೌರವ.

ಆ ವರ್ಷ ಸರಪಳಿ ಹೊತ್ತ ಸರ್ವೆಯವರು ಬಂದರು. ಯಾರ ಮನೆಗೂ ಬರಲಿಲ್ಲ, ಯಾರನ್ನೂ ಏನೂ ಕೇಳಲಿಲ್ಲ. ಬಾಣೆಗಳಲ್ಲಿ ಓಡಾಡಿ, ಮರಗಳಿಗೆ ಸುಣ್ಣದಲ್ಲಿ ಗುರುತು ಹಾಕಿ ಹೋದರು. ಒಂದು ವಾರ ಊರಲ್ಲಿ ಯಾರೂ ಗಟ್ಟಿಯಾಗಿ ಮಾತಾಡಲಿಲ್ಲ. ಏಕೆಂದರೆ ಪ್ರತಿಯೊಬ್ಬರೂ ಬಾಣೆಯ ಮರಗಳ ಕೆಳಗೆ ಒಂದಷ್ಟು ಕಾಫಿ ಹಾಕಿಕೊಂಡಿದ್ದರು, ಬಾಣೆ ಕಾಫಿ ತೋಟವಾದರೆ ಕಂದಾಯ ಬೀಳುತ್ತದೆ. ದೊಡ್ಡಮ್ಮನೂ ಹಾಕಿದ್ದಳು. ಇನ್ನೂರು ಗಿಡ, ನಾಲ್ಕು ವರ್ಷದವು, ಆಗಷ್ಟೇ ಹಣ್ಣು ಕಾಣುತ್ತಿದ್ದವು. ಕೊಡದಲ್ಲಿ ನೀರು ಹೊತ್ತು ಬೆಳೆಸಿದ್ದಳು. ಇನ್ನೂರು ಎಂದು ನಾನೇ ಎಣಿಸಿದ್ದೆ.

ಸಾಹುಕಾರರು ನಮ್ಮೂರಿನವರನ್ನೂ ಪಕ್ಕದೂರಿನವರನ್ನೂ ತಮ್ಮ ಕಾಫಿ ಕಣಕ್ಕೆ ಕರೆಸಿದರು. ಎಲ್ಲರಿಗೂ ಬೆಲ್ಲದ ಕಾಫಿ ಕೊಡಿಸಿ, "ನೋಡ್ರಪ್ಪ, ಬಾಣೆ ನಮ್ಮ ಹಕ್ಕು. ಒಗ್ಗಟ್ಟಾಗಿ ಒಂದು ಅರ್ಜಿ ಹಾಕೋಣ. ಯಾರದು ಎಷ್ಟು ಗಿಡ, ಯಾವ ಕಾಲದ್ದು ಅಂತ ಬರೆದು ಸಹಿ ಹಾಕಿ. ಎಷ್ಟು ಜನರ ಹೊಟ್ಟೆಪಾಡು ಇದು ಅಂತ ಸರ್ಕಾರಕ್ಕೂ ಗೊತ್ತಾಗ್ಲಿ" ಎಂದರು. ಬರೆಯಲು ನನ್ನನ್ನು ಕೂರಿಸಿದರು.

ಮೊದಲನೆಯವರು ನಿಜವನ್ನೇ ಹೇಳಿದರು, ಮುನ್ನೂರು. ಅವರ ದಾಯಾದಿ ಎದ್ದು ನಿಂತು ಐನೂರು ಎಂದರು. "ಮುನ್ನೂರು ಅಂದ್ನಾ? ಕೆಳಗಿನ ಪಟ್ಟೆ ಮರ್ತೇಬುಟ್ಟೆ, ಆರ್ನೂರು ಮಾಡು" ಎಂದರು ಮೊದಲನೆಯವರು. ನಮ್ಮ ಕಡೆ ಗಿಡದ ಲೆಕ್ಕ ಎಂದರೆ ಮನೆತನದ ಲೆಕ್ಕ. ಹೆಣ್ಣು ಕೊಡುವಾಗಲೂ ತರುವಾಗಲೂ ಕೇಳುವ ಮೊದಲ ಮಾತು "ಎಷ್ಟು ಗಿಡ ಐತೆ?" ಎಂಬುದು. ದಾಯಾದಿಯ ಎದುರು ಕಡಿಮೆ ಹೇಳಲು ಯಾರಿಗೂ ನಾಲಗೆ ಏಳುವುದಿಲ್ಲ. ಹೇಳುತ್ತಿರುವುದು ಸರ್ಕಾರಕ್ಕೆ ಎಂಬುದು ಅರ್ಧ ಗಂಟೆಯಲ್ಲಿ ಎಲ್ಲರಿಗೂ ಮರೆತುಹೋಗಿತ್ತು. ನಾನೂ ಒಳಗೊಳಗೇ ನಗುತ್ತಾ ಬರೆದೆ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಕಣದ ಮೂಲೆಯಲ್ಲಿ ಪಕ್ಕದೂರಿನ ಯಜಮಾನರೊಬ್ಬರು ಕೂತಿದ್ದರು. ಅವರ ಮಗನಿಗೆ ನನ್ನನ್ನು ತರುವ ಮಾತು ನಡೆದಿತ್ತು, ಇನ್ನೂ ಗಟ್ಟಿಯಾಗಿರಲಿಲ್ಲ. ಅವರು ಮೀಸೆ ತೀಡಿ "ಮೂರು ಸಾವಿರ" ಎಂದರು. ದೊಡ್ಡಮ್ಮ ಅವರನ್ನೇ ನೋಡುತ್ತಿದ್ದಳು. ತನ್ನ ಸರದಿ ಬಂದಾಗ, "ಎರಡು ಸಾವಿರ ಬರಿ ಮಗ. ಹನ್ನೆರಡು ವರ್ಸದ ಗಿಡ" ಎಂದಳು.

ನಾನು ಪೆನ್ನು ಎತ್ತಿ ಅವಳ ಮುಖ ನೋಡಿದೆ.

"ಬರಿ ಅಂದ್ನಲ್ಲ" ಎಂದಳು. ಬರೆದೆ. ಹೆಬ್ಬೆಟ್ಟು ಒತ್ತಿದಳು.

ಕೊನೆಯಲ್ಲಿ, "ನಿಮ್ಮದು ಎಷ್ಟು ಬರೀಲಿ?" ಎಂದು ಸಾಹುಕಾರರನ್ನು ಕೇಳಿದೆ. "ನಮ್ಮದನ್ನ ಮಡಿಕೇರಿ ವಕೀಲರು ಬೇರೆ ಬರೀತಾರಮ್ಮ, ನಿಂಗ್ಯಾಕೆ ತೊಂದ್ರೆ" ಎಂದು ಮೆತ್ತಗೆ ಹೇಳಿದರು. ಬೆನ್ನ ಮೇಲೆ ಹಲ್ಲಿ ಬಿದ್ದ ಹಾಗಾಯಿತು. ಆದರೂ ಅರ್ಜಿ ಮಡಿಸಿ ಅವರ ಕೈಗೆ ಕೊಟ್ಟೆ. ಆ ಅರ್ಜಿಯಲ್ಲಿ ಎರಡೂರಿನ ಎಲ್ಲರ ಗಿಡವೂ ಇತ್ತು, ಎಲ್ಲರಿಗಿಂತ ಹೆಚ್ಚು ಗಿಡ ಇದ್ದವರದು ಇರಲಿಲ್ಲ.

ಎರಡು ತಿಂಗಳಿಗೆ ಮನೆಮನೆಗೂ ನೋಟಿಸು ಬಂತು. ಕಳಿಸಿದವರು ನಮ್ಮ ನಾಡಿನ ಕಂದಾಯ ನೋಡುವ ಪಾರುಪತ್ಯಗಾರರು. ನೀವೇ ಸಹಿ ಹಾಕಿ ಒಪ್ಪಿಕೊಂಡಷ್ಟು ಗಿಡಕ್ಕೆ, ನೆಟ್ಟ ವರ್ಷದಿಂದ ಕಂದಾಯ, ಅದರ ಮೇಲೆ ದಂಡ. ತಕರಾರಿದ್ದರೆ ಹದಿನೈದು ದಿನದೊಳಗೆ ಹಾಜರಾಗಿ ಹೇಳಬೇಕು. ದೊಡ್ಡಮ್ಮನಿಗೆ ಓದಿ ಹೇಳಿದೆ. ಎರಡು ಸಾವಿರ ಗಿಡ, ಹನ್ನೆರಡು ವರ್ಷ. ಕಟ್ಟದಿದ್ದರೆ ಗದ್ದೆ ಜಪ್ತಿ.

"ನಾಳೆನೇ ಹೋಗಿ ಇರೋದು ಇನ್ನೂರೇ ಅಂತ ಹೇಳಿ ಬರಾಣ" ಎಂದೆ.

"ಯಾರ ಮುಂದೆ ಹೇಳ್ಳಿ? ಆಫೀಸು ಜಗಲೀಲಿ ಎರಡೂರೂ ಕೂತಿರ್ತದೆ. ನಿಂಗೆ ಮಾವ ಆಗೋರೂ ಕೂತಿರ್ತಾರೆ."

"ಕೂತಿರ್ಲಿ. ಸುಳ್ಳು ಹೇಳಿದ್ದು ಊರಿಗೆ ಊರೇ."

"ಅವ್ರು ಗಂಡಸ್ರು ಕಣೆ. ಅವ್ರು ಸುಳ್ಳು ಹೇಳಿದ್ರೆ ನಗ್ತಾರೆ. ಮುಂಡೆ ಹೇಳಿದ್ರೆ, ತಂಗಿ ಮಗಳನ್ನ ಮೋಸದಲ್ಲಿ ಸಾಗಹಾಕಕ್ಕೆ ನೋಡಿದ್ಲು ಅಂತಾರೆ."

ಜಗಳವಾಡಿದೆ, ಅತ್ತು ಕರೆದೆ, ಈ ಮದುವೆಯೇ ಬೇಡ ಎಂದೆ. ದಿನಾ ಬೆಳಿಗ್ಗೆ ನಾನೊಬ್ಬಳೇ ಆಫೀಸಿಗೆ ಹೊರಟು ನಿಲ್ಲುವುದು, ಅವಳು ಬಾಗಿಲಿಗೆ ಅಡ್ಡ ಕೂತು ಸೊಪ್ಪು ಬಿಡಿಸುವುದು. ಅವಳನ್ನು ದಾಟಿ ಹೋಗಲು ನನ್ನಿಂದ ಆಗಲಿಲ್ಲ. ಹದಿನೈದು ದಿನ ಹೀಗೇ ಹೋಯಿತು. ಹದಿನಾರನೆಯ ದಿನ ಶಾನುಭೋಗರು ಬಂದು ಜಪ್ತಿಯ ಮಾತೆತ್ತಿದರು. ಮರುದಿನ ಸಾಹುಕಾರರ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಬಂದು ನಮ್ಮ ಜಗಲಿಯ ಮೇಲೆ ಕೂತ. ಅವನನ್ನು ಯಾರೂ ಕರೆದಿರಲಿಲ್ಲ.

"ಗದ್ದೆನ ಅಯ್ಯಾವ್ರಿಗೆ ಬರೆದುಕೊಡಿ ಅಮ್ಮ. ಬಾಕಿ ಅವ್ರೇ ನೋಡ್ಕತಾರೆ. ಮದ್ವೆ ಖರ್ಚಿಗೂ ಒಂದಿಷ್ಟು ಕೊಡ್ತಾರೆ" ಎಂದ. ಬೇಕಾದ ಕಾಗದಗಳನ್ನೆಲ್ಲ ಬರೆಸಿಕೊಂಡೇ ಬಂದಿದ್ದ.

ಗದ್ದೆ ಹೋಯಿತು. ಗದ್ದೆಯ ಬೆನ್ನಿಗೇ ಬಾಣೆಯೂ ಹೋಯಿತು. ಉಳಿದದ್ದು ಮನೆಯೊಂದೇ.

ಬೇಸಿಗೆಯಲ್ಲಿ ನನ್ನ ಮದುವೆಯಾಯಿತು. ಗಂಡನ ಮನೆಯವರು ಕೆಟ್ಟವರಲ್ಲ. ಕಾಫಿ ಹಣ್ಣಾಗುವ ಹೊತ್ತಿಗೆ, ಒಂದು ದಿನ ಊಟಕ್ಕೆ ಕೂತಾಗ ಮಾವನವರು ತಾವಾಗಿಯೇ ಆ ಮಾತು ತೆಗೆದರು.

"ಆ ಅರ್ಜಿದು ಒಳ್ಳೆ ತಮಾಸೆ ಆಯ್ತು ನೋಡವ್ವ. ನೋಟಿಸು ಬಂದ ಮೂರನೇ ದಿನಕ್ಕೇ ಹೋದೆ. ಸ್ವಾಮಿ, ಬೀಗರಾಗೋರು ಎದುರಿಗೆ ಕೂತಿದ್ರು, ಮುನ್ನೂರು ಇದ್ದಿದ್ದನ್ನ ಮೂರು ಸಾವಿರ ಅಂದ್ಬುಟ್ಟೆ ಅಂದೆ. ಪಾರುಪತ್ಯಗಾರ್ರು ಬಿದ್ದು ಬಿದ್ದು ನಕ್ರು. ಆಳು ಕಳ್ಸಿ ಎಣಿಸಿದ್ರು. ಅಷ್ಟು ಕಮ್ಮಿ ಗಿಡಕ್ಕೆ ಕಂದಾಯನೇ ಇಲ್ವಂತೆ, ಕಾನೂನಲ್ಲೇ ಐತಂತೆ. ಪೂರ್ತಿ ಮಾಫಿ. ಹೋಗಿ ಕೇಳಿದೋರಿಗೆಲ್ಲ ಮಾಫಿ ಆಯ್ತು." ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟರು. "ನಿಮ್ಮ ದೊಡ್ಡಮ್ಮ ಎರಡು ಸಾವಿರ ಅಂದಾಗ್ಲೇ ಗೊತ್ತಾಯ್ತು ನಂಗೆ, ಅವ್ರೂ ನಮ್ಮಂಗೇ ಬುರುಡೆ ಬಿಡ್ತಾವ್ರೆ ಅಂತ. ನಮಗೇನು, ಹುಡುಗಿ ಚೆನ್ನಾಗಿತ್ತು."

ನನ್ನ ಕೈಯಲ್ಲಿ ಸಾರಿನ ಸೌಟಿತ್ತು. ಅದನ್ನು ಗೋಡೆಗೆ ಎಸೆಯಬೇಕು ಅನ್ನಿಸಿತು, ಎಸೆಯಲಿಲ್ಲ, ಸೊಸೆಯಲ್ಲವೇ. ನೋಟಿಸಿನಲ್ಲಿ ದಂಡದ ಸಾಲಿತ್ತು, ಜಪ್ತಿಯ ಸಾಲಿತ್ತು. ಮಾಫಿಯ ಸಾಲು ಇರಲಿಲ್ಲ. ಇದ್ದಿದ್ದರೆ ನಾನು ದೊಡ್ಡಮ್ಮನನ್ನು ದಾಟಿಕೊಂಡು ಹೋಗುತ್ತಿದ್ದೆ, ಖಂಡಿತ ಹೋಗುತ್ತಿದ್ದೆ.

ಆ ವಾರವೇ ತವರಿಗೆ ಹೋದೆ. ದೊಡ್ಡಮ್ಮ ಮನೆಯಲ್ಲಿರಲಿಲ್ಲ, ಬಾಣೆಯಲ್ಲಿದ್ದಳು. ಎಸ್ಟೇಟಿನ ಪಿಕಿಂಗ್ ಕೂಲಿಗೆ ಸೇರಿ, ತಾನೇ ನೆಟ್ಟ ಗಿಡಗಳಿಂದ ಹಣ್ಣು ಕೊಯ್ಯುತ್ತಿದ್ದಳು. ಎಲ್ಲವನ್ನೂ ಹೇಳಿಬಿಡಬೇಕು ಎಂದುಕೊಂಡೇ ಗುಡ್ಡ ಹತ್ತಿದ್ದೆ. ಅವಳೇ ಮೊದಲು ಮಾತಾಡಿದಳು.

"ಸಾವ್ಕಾರ್ರ ವಕೀಲರು ಬಂದು ಗಿಡ ಎಣಿಸ್ಕೊಂಡು ಹೋದ್ರಂತೆ. ಇನ್ನೂರೇ ಇರೋದು, ಕಂದಾಯ ಇಲ್ಲ ಅಂತ ಆರ್ಡರ್ ಆಯ್ತಂತೆ. ಹಳೇ ಬಾಕಿನೂ ವಜಾ ಮಾಡಿದ್ರಂತೆ. ರೈಟರ್ ಹೇಳ್ದ." ಕೈ ಕೊಂಬೆಯ ಮೇಲೆ ಓಡುತ್ತಲೇ ಇತ್ತು. "ಹೋಗ್ಲಿ ಬಿಡು. ನಾನು ಎರಡು ಸಾವಿರ ಅಂದಿದ್ನಲ್ಲ, ನಿಮ್ ಮಾವ ನಂಬಿದ್ರೇನೆ?"

ಅವಳು ಕೊಯ್ಯುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು.

"ನಂಬಿದ್ರು ದೊಡ್ಡಮ್ಮ" ಎಂದೆ.

"ನಂಬ್ದೆ ಇರ್ತಾರಾ" ಎಂದಳು. ಬುಟ್ಟಿಯನ್ನು ಸೊಂಟಕ್ಕೆ ಏರಿಸಿಕೊಂಡು, ನಗುತ್ತಲೇ ಮುಂದಿನ ಗಿಡಕ್ಕೆ ಹೋದಳು.