ಗುತ್ತೆಪ್ಪ ಗೌಡರ ಗದ್ದ ಹಿಡಿದದ್ದು

ಗುತ್ತೆಪ್ಪನಿಗೆ ಕರುಣೆ ಎಂಬುದು ಇರಲಿಲ್ಲ. ಊರಿನ ತಪ್ಪು ಹುಡುಕುವುದರಲ್ಲಿ ಅವನಿಗೆ ಸುಖವಿತ್ತು. ಅವನು ಹುಡುಕಿದ ತಪ್ಪುಗಳೇನೂ ಸುಳ್ಳಲ್ಲ, ಅದು ಬೇರೆ ಮಾತು.

ಹಂಸಭಾವಿಯವನು, ಊರು ಮುಟ್ಟಿಸಿಕೊಳ್ಳದ ಕೇರಿಯಲ್ಲಿ ಹುಟ್ಟಿದವನು. ಹರೆಯದಲ್ಲಿ ಮುಂಬಯಿಗೆ ಓಡಿಹೋಗಿ, ಅಲ್ಲಿಂದ ಹಡಗು ಹತ್ತಿ ಆಫ್ರಿಕದ ಮೊಂಬಾಸಾ ಸೇರಿದ. ಗೋವೆಯವನೊಬ್ಬನ ಸ್ಟುಡಿಯೋದಲ್ಲಿ ನೆಲ ಒರೆಸುತ್ತಲೇ ಫೋಟೋ ತೆಗೆಯುವುದನ್ನು ಕಲಿತ. 1937ರಲ್ಲಿ ಕೋಟು ಬೂಟು ಹಾಕಿಕೊಂಡು, ದೊಡ್ಡ ಕ್ಯಾಮೆರಾ ಹೊತ್ತು ಊರಿಗೆ ಬಂದ. ಬಂದವನು ಗುಡಿ, ಕೋಟೆಗಳ ಕಡೆ ತಿರುಗಿಯೂ ನೋಡಲಿಲ್ಲ. ಬಂಕಾಪುರದ ಚಹಾದಂಗಡಿಯ ಹೊರಗೆ ತನ್ನ ಜನಕ್ಕೆಂದು ಬೇರೆ ಇಟ್ಟ ಬಟ್ಟಲಿನ ಫೋಟೋ ತೆಗೆದ. ಹಾನಗಲ್ಲ ಹಾದಿಯ ಬಾವಿಯ ಹತ್ತಿರ, ಯಾರಾದರೂ ನೀರು ಹಾಕಿಯಾರೆಂದು ಖಾಲಿ ಕೊಡ ಹಿಡಿದು ಕಾಯುತ್ತಿದ್ದ ಹೆಂಗಸರ ಫೋಟೋ ತೆಗೆದ.

“ಇದನ್ನೆಲ್ಲಾ ಪರದೇಶದಾಗ ತೋರಿಸಿ ನಮ್ಮ ಮರ್ಯಾದಿ ಕಳೀತಿ ಏನು?” ಎಂದು ನನ್ನ ಸೋದರಮಾವ ಪರಮೇಶ್ವರಪ್ಪ ಗೌಡರು ರೇಗಿದರು.

“ಮರ್ಯಾದಿ ಇದ್ರ ಅದರದೂ ತಗೀತೇನ್ರಿ ಗೌಡ್ರ. ಎಲ್ಲೈತಿ, ತೋರಸ್ರಿ.”

ಗೌಡರು ಆ ವರ್ಷ ಹಿರೇಕೆರೂರಿನ ತಾಲೂಕು ಬೋರ್ಡಿಗೆ ಅಧ್ಯಕ್ಷರಾಗಿದ್ದರು. ಕಚೇರಿಯ ಗೋಡೆಗೆ ಅವರ ಫೋಟೋ ಬೇಕಾಗಿತ್ತು. ಸುತ್ತಮುತ್ತ ಆ ಕೆಲಸ ಬಲ್ಲವನು ಗುತ್ತೆಪ್ಪನೊಬ್ಬನೇ. ಅಂಗಳದಲ್ಲಿ ಕುರ್ಚಿ ಹಾಕಿದರು. ಗೌಡರ ಗದ್ದ ಎದೆಗೆ ಇಳಿದಿತ್ತು. ಅದನ್ನು ಸರಿಪಡಿಸಲು ಗುತ್ತೆಪ್ಪ ಕೈ ಚಾಚಿದೊಡನೆ ಅವರು ಹಿಂದೆ ಸರಿದರು.

“ದೂರ ನಿಂತ ಹೇಳ. ಕರಿಬಸಪ್ಪ ಮಾಡ್ತಾನ.”

“ಮೊಂಬಾಸಾದಾಗೇನು ಸ್ವರ್ಗ ಇಲ್ರಿ,” ಎಂದ ಗುತ್ತೆಪ್ಪ. “ಬಿಳೇರು ತಮ್ಮ ಹೊಟೆಲ್ಲಿನೊಳಗ ನನ್ನ ಬಿಡೂದಿಲ್ಲ. ಆದ್ರ ಫೋಟೋಕ್ಕ ಕುಂತ್ರ ಅವರೂ ಗದ್ದ ನನ್ನ ಕೈಯಾಗ ಕೊಡ್ತಾರ. ನನ್ನ ದೇಶದಾಗ ಅಷ್ಟೂ ಇಲ್ಲ. ಆತು, ಕರಿಬಸಪ್ಪನ ಮಾಡ್ಲಿ.”

ಆಳು ಕರಿಬಸಪ್ಪ, ಕರುವಿಗೆ ಔಷಧ ಕುಡಿಸುವವನಂತೆ ಒಡೆಯನ ದವಡೆ ಹಿಡಿದ. “ಮೆತ್ತಗೋ! ಹಲ್ಲ ನೋಡಾಕ ಸಂತ್ಯಾಗ ನಿಂತೇನೇನು?” ಎಂದು ಗೌಡರು ಬೈದರು. ಅವನು ಕೈಬಿಟ್ಟೊಡನೆ ತಲೆ ಮತ್ತೆ ವಾಲಿತು. ಗುತ್ತೆಪ್ಪ ಹಾಗೆಯೇ ಫೋಟೋ ತೆಗೆದ.

ಮರುದಿನ ಗುತ್ತೆಪ್ಪ ಫೋಟೋ ತಂದ; ಕ್ಯಾಮೆರಾವನ್ನೂ ಹೊತ್ತು ತಂದು ಅಂಗಳದಲ್ಲಿ ನಿಲ್ಲಿಸಿದ್ದ. ಗೌಡರ ತಾಯಿ ದಾನವ್ವ ನೋಡಿದವಳೇ ಚೀರಿದಳು. ನಮ್ಮ ಲಿಂಗಾಯತರಲ್ಲಿ ಸತ್ತವರನ್ನು ಕೂರಿಸಿ, ಹಾರ ಹಾಕಿ, ಕೂತಂತೆಯೇ ಮಣ್ಣು ಮಾಡುತ್ತಾರೆ. ಫೋಟೋದಲ್ಲಿ ಗೌಡರು ಥೇಟ್ ಹಾಗೆಯೇ ಇದ್ದರು.

“ಜೀವಂತ ಮಗನ್ನ ಹೆಣಾ ಮಾಡಿ ತಂದೀಯಲ್ಲೋ!”

“ನಾ ಮಾಡಿಲ್ಲಬೇ ಅವ್ವಾ. ನಾ ಮುಟ್ಟೇ ಇಲ್ಲ.”

ಅಂಗಳದಾಚೆ ನಿಂತಿದ್ದ ಕೇರಿಯವರಲ್ಲಿ ಯಾರೋ ನಕ್ಕರು. ಗುತ್ತೆಪ್ಪ ಕ್ಯಾಮೆರಾ ಮಡಚತೊಡಗಿದ. “ಮುಟ್ಟಾಕ ಬಿಟ್ರ ಇನ್ನೊಂದು ತಗೀತೇನ್ರಿ, ಎಲ್ಲಾರ ಮುಂದ. ಇಲ್ಲಾಂದ್ರ ಇದನ್ನ ಬೋರ್ಡಿನ ಗ್ವಾಡಿಗೆ ಹಾಕ್ಕೋರಿ.”

“ಮುಟ್ಟಿಸ್ಕೊ ಪರಮೇಶಾ,” ಎಂದಳು ದಾನವ್ವ. “ಮೈಲಿಗಿ ಆದ್ರ ಜಳಕಾ ಮಾಡೀ. ಹೆಣಕ್ಕ ಏನ್ ಮಾಡ್ತಿ?”

ಗೌಡರು ಕುಳಿತರು. ಊರೆಲ್ಲ ನೋಡುತ್ತಿರಲು ಗುತ್ತೆಪ್ಪ ಸಾವಕಾಶವಾಗಿ ನಡೆದುಬಂದು ಎರಡು ಬೆರಳಿನಿಂದ ಅವರ ಗದ್ದ ಎತ್ತಿದ. ಅವಸರವಿಲ್ಲದೆ ಎಡಕ್ಕೆ ತಿರುಗಿಸಿದ, ಮತ್ತೆ ಬಲಕ್ಕೆ. “ಭಲೇ ನನ್ನಪ್ಪಾ!” ಎಂದು ಅವನ ಚಿಕ್ಕವ್ವ ಮಂಜವ್ವ ಕೂಗಿದಳು. ಗಂಡಸರು ಮುಂಡಾಸು ಬಿಚ್ಚಿ ಗಾಳಿಗೆ ಹಾರಿಸಿದರು. ಹತ್ತಿರದಿಂದ ನೋಡಲು ಕೇರಿಗೆ ಕೇರಿಯೇ ಅಂಗಳದೊಳಗೆ ನುಗ್ಗಿತು. ಆಮೇಲೆ ಆ ಜನ ಎಂದಾದರೂ ಆಚೆ ನಿಂತದ್ದನ್ನು ನಾನು ಕಾಣೆ.

ಗೌಡರು ಬೆವೆತಿದ್ದರು. ಹಣೆಯ ವಿಭೂತಿ ಕರಗಿ ಹುಬ್ಬಿಗೆ ಇಳಿದಿತ್ತು. ಹಾಗೆಯೇ ತೆಗೆದಿದ್ದರೆ ಅವರ ಆ ದಿನದ ಹೆದರಿಕೆ ಬೋರ್ಡಿನ ಗೋಡೆಯ ಮೇಲೆ ಕಾಯಂ ಉಳಿಯುತ್ತಿತ್ತು. ಕ್ಯಾಮೆರಾದ ಕರಿಯ ಬಟ್ಟೆಯೊಳಗೆ ತಲೆಯಿಟ್ಟಿದ್ದ ಗುತ್ತೆಪ್ಪ ಹೊರಗೆ ಬಂದ.

“ಉಸುರು ಬಿಡ್ರಿ ಗೌಡ್ರ,” ಎಂದ, ಪಕ್ಕದವರಿಗಷ್ಟೇ ಕೇಳುವಂತೆ. ತನ್ನ ಕರವಸ್ತ್ರದಿಂದ ಅವರ ಹಣೆ ಒರೆಸಿದ. ದಾನವ್ವನಿಂದ ವಿಭೂತಿ ಕೇಳಿ ಪಡೆದು, ಮೂರು ಬೆರಳಿನಿಂದ ಹೊಸದಾಗಿ, ನೇರವಾಗಿ ಎಳೆದ.